ಸೊನ್ನೆಯ ಗೀರು

ಕೊಂಡವರು ಸ್ಟೂಲಿನ ಕಾಲುಗಳನ್ನೂ ಬಿಡದೆ ಎಣಿಸಿದರು. ಗಾಜು ಉಜ್ಜುವ ಚಕ್ರ, ಲೇತು, ಧೂಳು ಹಿಡಿದ ಫ್ಯಾನು, ಗೋಡೆ ಗಡಿಯಾರ, ಎಲ್ಲದರ ಬೆನ್ನಿಗೂ ನಂಬರಿನ ಚೀಟಿ ಬಿತ್ತು. ಗಾಜು ಉಜ್ಜುವ ಮುದುಕ, ಇಡೀ ಕಾರ್ಖಾನೆಗೆ ಅವನು ಚಿಕ್ಕಪ್ಪ, "ನನ್ನ ಬೆನ್ನಿಗೂ ಒಂದು ಅಂಟಿಸಿಬಿಡಿ, ಆಮೇಲೆ ಸಿಗಲಿಲ್ಲ ಅಂತ ಹುಡುಕಬೇಡಿ" ಎಂದ. ಚೀಟಿ ಅಂಟಿಸುವವರು ನಗಲಿಲ್ಲ. ಅವರಿಗೆ ನಗುವ ಸಂಬಳ ಇರಲಿಲ್ಲವೇನೋ.

ಕೊನೆಗೆ ಪಟ್ಟಿಯಲ್ಲಿ ಒಂದೇ ಒಂದು ಬಾಬ್ತು ಇತ್ಯರ್ಥವಾಗದೆ ಉಳಿಯಿತು. ಸತ್ತುಹೋದ ಕೆಲಸಗಾರನೊಬ್ಬನ ಬಲಗಣ್ಣಿನ ಆರು ಸಾವಿರ ಚಿತ್ರಗಳು. ಅದಕ್ಕೆ ಅವನ ಹೆಂಡತಿಯ ಸಹಿ ಬೇಕಿತ್ತು.

ಕೊಂಡದ್ದು ದೊಡ್ಡ ಕ್ಯಾಮೆರಾ ಕಂಪನಿ. ಮದುವೆಮನೆಯಿಂದ ಯುದ್ಧಭೂಮಿಯವರೆಗೆ ಅದರ ಕ್ಯಾಮೆರಾ ಇಲ್ಲದ ಜಾಗವಿರಲಿಲ್ಲ. ಜನರ ಜೇಬಿಗೇ ಕ್ಯಾಮೆರಾ ಬಂದ ಮೇಲೆ ಅದರ ಅಂಗಡಿಗಳು ನೊಣ ಹೊಡೆಯತೊಡಗಿದವು. ಆಗ ಅದು ಹೊಸ ಬಾಗಿಲು ಹುಡುಕಿಕೊಂಡು ಆಸ್ಪತ್ರೆಯ ಕಡೆ ತಿರುಗಿತು. ಫೋಟೋದ ಹುಚ್ಚು ಇಳಿಯಬಹುದು, ಕಣ್ಣು ಕೆಡುವುದು ನಿಲ್ಲುವುದಿಲ್ಲ. ಇಪ್ಪತ್ತೆರಡು ಜನರ ಈ ಕಾರ್ಖಾನೆ ಮಾಡುತ್ತಿದ್ದುದು ಕಣ್ಣಿನ ಒಳಗನ್ನು ತೋರಿಸುವ ಕ್ಯಾಮೆರಾ. ಗದ್ದ ಊರಿ ಕೂತರೆ ಒಂದು ಮಿಂಚು, ಆಮೇಲೆ ಕಣ್ಣಿನ ಹಿಂಗೋಡೆಯ ಚಿತ್ರ: ಕಿತ್ತಳೆ ಬಣ್ಣದ ನೆಲ, ಅದರ ಮೇಲೆ ಬೇರಿನ ಹಾಗೆ ಹರಡಿದ ರಕ್ತನಾಳ, ಒಂದು ಬದಿಗೆ ಹಳದಿ ಬಿಲ್ಲೆ. ಮಿದುಳಿನ ನರ ಬಂದು ಕಣ್ಣನ್ನು ಸೇರುವ ಜಾಗ ಆ ಬಿಲ್ಲೆ.

ಎರಡು ವರ್ಷದ ಹಿಂದಾಗಿದ್ದರೆ, ಮಾರುವ ಮಾತೆತ್ತಿದವರನ್ನು ಯಜಮಾನರು ಮೆಟ್ಟಿಲು ಹತ್ತಿಸುತ್ತಿರಲಿಲ್ಲ. ಈಗ ಅವರೇ ಕೆಳಗಿಳಿದು ಹೋಗಿ ಕರೆತಂದರು. ಕಾರಣ ಎಲ್ಲರಿಗೂ ಗೊತ್ತಿತ್ತು, ಅಥವಾ ಗೊತ್ತಿದೆ ಎಂದು ಎಲ್ಲರೂ ತಿಳಿದಿದ್ದರು. ಸತ್ತವನ ಕೈ ಕೆಟ್ಟಿತ್ತು. ಸಾಯುವ ಮುಂಚಿನ ಐದು ತಿಂಗಳು ಅವನು ಹೊಂದಿಸಿ ಕಳಿಸಿದ ತೊಂಬತ್ತೊಂದು ಕ್ಯಾಮೆರಾಗಳೂ ಆಸ್ಪತ್ರೆಗಳಲ್ಲಿ ಮಬ್ಬು ಚಿತ್ರ ಕೊಟ್ಟವು. ಕಾರ್ಖಾನೆಯವರೇ ಊರೂರು ಅಲೆದು ಒಂದೊಂದನ್ನೂ ಸರಿಮಾಡಿ ಬಂದರು. ಕ್ಯಾಮೆರಾ ಸರಿಹೋಯಿತು, ಹೋದ ಹೆಸರು ಬರಲಿಲ್ಲ. ಆಸ್ಪತ್ರೆಗಳಿಗೆ ಯಜಮಾನರು ಬರೆದ ಕ್ಷಮಾಪಣೆಯಲ್ಲಿ 'ಇದಕ್ಕೆ ಹೊಣೆಯಾದ ಕೆಲಸಗಾರ ಈಗ ನಮ್ಮಲ್ಲಿಲ್ಲ' ಎಂಬ ಸಾಲಿತ್ತು. ಆ ತೊಂಬತ್ತೊಂದು ಲಕೋಟೆಗಳ ಮೇಲೆ ವಿಳಾಸ ಬರೆದವಳು ಅವನ ಹೆಂಡತಿಯೇ. ಕಾರ್ಖಾನೆಯಲ್ಲಿ ಅಕ್ಷರ ದುಂಡಗಿದ್ದದ್ದು ಅವಳದೊಂದೇ.

ಒಂದೂವರೆ ವರ್ಷದಿಂದ ಅವಳಿಗೆ ಬೇಕಾಗಿದ್ದುದು ಒಂದೇ ಮಾತು. ಅವನ ಕೈ ತಪ್ಪಿರಲಿಲ್ಲ ಎಂದು ಯಾರಾದರೂ ಹೇಳಬೇಕಿತ್ತು. ತಾನು ಹೇಳಿದರೆ ಹೆಂಡತಿಯ ಮಾತಾಗುತ್ತಿತ್ತು, ಅದಕ್ಕೆ ಸುಮ್ಮನಿದ್ದಳು.

ಕೆಲಸದ ರೀತಿ ಹೀಗಿತ್ತು. ಪ್ರತಿ ಕ್ಯಾಮೆರಾಕ್ಕೆ ಒಂದು ತಿರುಪು, ತಿರುಪಿನ ಪಕ್ಕ ಸೊನ್ನೆಯ ಗೀರು. ತಿರುಪನ್ನು ಸೊನ್ನೆಗೆ ತಂದರೆ ಆರೋಗ್ಯವಾದ ಕಣ್ಣು ಅಚ್ಚುಕಟ್ಟಾಗಿ ಕಾಣಬೇಕು. ಆ ಗೀರು ಎಲ್ಲಿ ಬೀಳಬೇಕು ಎಂದು ತಿಳಿಯಲು ಒಂದು ಒಳ್ಳೆಯ ಕಣ್ಣು ಬೇಕು. ಬೇರೆ ಕಾರ್ಖಾನೆಗಳಲ್ಲಿ ಅದಕ್ಕೆ ಪ್ಲಾಸ್ಟಿಕ್ ಕಣ್ಣಿತ್ತು. ಇಲ್ಲಿ ಅವನ ಬಲಗಣ್ಣು. ಕನ್ನಡಕ ಕಾಣದ ಕಣ್ಣು, ಮಿಂಚು ಹೊಡೆದರೂ ರೆಪ್ಪೆ ಬಡಿಯದ ಕಣ್ಣು. ಅದಕ್ಕೇ ಚಿಕ್ಕಪ್ಪ ಅವನಿಗೆ ಗೂಬೆಯಣ್ಣ ಎಂದು ಹೆಸರಿಟ್ಟ. ಹೊಂದಿಸುವವನೂ ಅವನೇ, ಹೊಂದಿಸಿದ ಮೇಲೆ ಕ್ಯಾಮೆರಾದ ಮುಂದೆ ಗದ್ದ ಊರಿ ಕೂರುವವನೂ ಅವನೇ. ಈ ಕಡೆ ಕೂತು ಗುಂಡಿ ಒತ್ತುವವಳು ಅವಳು. ಚಿತ್ರದ ಪ್ರತಿ ತೆಗೆದು, ಮೂಲೆಮೂಲೆ ನೋಡಿ, ಸರಿಯಿದ್ದರೆ 'ಸರಿ' ಎಂದು ಬರೆಯುತ್ತಿದ್ದಳು. ಮಬ್ಬು ಕಂಡಲ್ಲಿ ಕೆಂಪು ಪೆನ್ಸಿಲಿನಿಂದ ಸುತ್ತು ಹಾಕಿ ಕ್ಯಾಮೆರಾವನ್ನು ಅವನಿಗೇ ಹಿಂತಿರುಗಿಸುತ್ತಿದ್ದಳು. ಪ್ರತಿಗಳು ಅವಳ ಕಪಾಟಿಗೆ ಸೇರುತ್ತಿದ್ದವು.

"ಬೇರೆ ಗಂಡಸರು ಹೆಂಡ್ತಿ ಕಣ್ಣು ತಪ್ಪಿಸಿ ಓಡಾಡ್ತಾರೆ," ಎಂದು ಚಿಕ್ಕಪ್ಪ ಆಗ ಹಾಸ್ಯ ಮಾಡುತ್ತಿದ್ದ. "ಇವನು ನೋಡು, ದಿನಕ್ಕೆ ಮೂರು ಸಲ ತಾನಾಗೇ ಬಂದು ಕಣ್ಣು ಕೊಟ್ಟು ಕೂರ್ತಾನೆ."

ಒಂದು ಬೆಳಿಗ್ಗೆ ಗಂಡ ಬಸ್ ನಿಲ್ದಾಣದಲ್ಲಿ ಕುಸಿದ. ತಲೆಯೊಳಗೆ ಗಡ್ಡೆ ಎಂದರು. ಮೂರನೆಯ ದಿನಕ್ಕೆ ಮುಗಿಯಿತು. ಆಗ ಅವಳಿಗೆ ಇಪ್ಪತ್ತೊಂಬತ್ತು.

ಸಹಿಯ ಕಾಗದವನ್ನು ಯಜಮಾನರು ತಾವೇ ಅವಳ ತಪಾಸಣೆಯ ಕೋಣೆಗೆ ತಂದರು. ಬಾಯಲ್ಲಿ ಬೆಲ್ಲವಿತ್ತು.

"ಒಂದು ಸಹಿ ಹಾಕ್ಬಿಡು ತಾಯಿ. ಏನಿಲ್ಲ, ಬರೀ ಶಾಸ್ತ್ರಕ್ಕೆ. ಅವನ ಕಣ್ಣಿನ ಚಿತ್ರ ಅಲ್ವಾ, ಮನೆಯವರು ಒಪ್ಪಬೇಕಂತೆ. ನಿಮ್ಮತ್ತೆದೂ ಒಂದು ಬೇಕು."

"ಅವರಿಗ್ಯಾಕೆ ಆ ಚಿತ್ರ?"

"ಕೊಂಡಿದಾರಲ್ಲ, ಕಸದ ಬುಟ್ಟೀನೂ ಬೇಕು ಅವರಿಗೆ."

"ಕಸದ ಬುಟ್ಟಿಗೆ ಸಹಿ ಕೇಳಲಿಲ್ಲ."

ಯಜಮಾನರು ಕನ್ನಡಕ ತೆಗೆದು ಒರೆಸಿದರು. ಹೇಳಲಾಗದ ಮಾತಿದ್ದಾಗ ಅವರು ಕನ್ನಡಕ ಒರೆಸುವುದು ಇಪ್ಪತ್ತೆರಡು ಜನರಿಗೂ ಗೊತ್ತಿತ್ತು.

"ನಾನು ನೋಡಿ ಸಹಿ ಹಾಕ್ತೀನಿ," ಎಂದಳು ಅವಳು.

ಮರುದಿನ ಮಧ್ಯಾಹ್ನ ಯಜಮಾನರ ಕೋಣೆಯಲ್ಲಿ ದೊಡ್ಡ ಕಂಪನಿಯ ಡಾಕ್ಟರಮ್ಮ ಕಾದಿದ್ದರು. ನಲವತ್ತರ ಆಸುಪಾಸು, ಮೃದು ಮಾತು, ಮೊಂಡ ಉಗುರು. ಕಂಪನಿಗೆ ಸೇರುವ ಮುಂಚೆ ಹದಿನೈದು ವರ್ಷ ಕಣ್ಣಿನ ಆಸ್ಪತ್ರೆಯಲ್ಲಿದ್ದವರು. ಮೇಜಿನ ಮೇಲಿನ ಪರದೆಯಲ್ಲಿ ಒಂದು ಚಿತ್ರ ತೆರೆದಿತ್ತು. ಹೊರಗೆ ಚಿಕ್ಕಪ್ಪನ ಚಕ್ರ ಗುರ್ ಎನ್ನುತ್ತಿತ್ತು.

"ಇದನ್ನ ನೋಡಿ. ಏನು ಕಾಣುತ್ತೆ?" ಎಂದರು ಡಾಕ್ಟರಮ್ಮ.

ಅವಳು ನೋಡಿದಳು. "ಕೆಳಗಿನ ಎಡಮೂಲೆ ಸ್ವಲ್ಪ ಮೆತ್ತಗಿದೆ. ನಡುವಿನ ಗಾಜು ಒಂದು ಕೂದಲೆಳೆ ವಾಲಿದೆ."

ಡಾಕ್ಟರಮ್ಮ ಕಣ್ಣು ಕಿರಿದು ಮಾಡಿ ಮೂಲೆಯನ್ನು ದಿಟ್ಟಿಸಿದರು. "ನನಗೆ ಅದು ಕಾಣಲೇ ಇಲ್ಲ. ಸರಿ, ಮೂಲೆ ಬಿಡಿ. ಕಣ್ಣು ಹೇಗಿದೆ?"

ಅವಳಿಗೆ ಪ್ರಶ್ನೆ ಅರ್ಥವಾಗಲಿಲ್ಲ. ಗುಂಡಿ ಒತ್ತಿದ ಆರು ವರ್ಷದಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಆ ಕೋಣೆಯಲ್ಲಿ ಕ್ಯಾಮೆರಾ ಹೇಗಿದೆ ಎಂದಷ್ಟೇ ಕೇಳುವ ರೂಢಿ. ಕಣ್ಣು ಅಳತೆಗೋಲು. ಅಳತೆಗೋಲನ್ನು ಯಾರು ಅಳೆಯುತ್ತಾರೆ?

ಡಾಕ್ಟರಮ್ಮ ಚಿತ್ರಗಳನ್ನು ಒಂದಾದ ಮೇಲೊಂದು ಸರಿಸಿದರು. "ಈ ಬಿಲ್ಲೆ ನೋಡಿ. ಇಲ್ಲಿ ಅಂಚು ಕತ್ತರಿಸಿಟ್ಟ ಹಾಗಿದೆ. ಇಲ್ಲಿ ಒಂಚೂರು ಕದಡಿದೆ. ಇಲ್ಲಿ ಊದಿದೆ. ತಲೆಯೊಳಗೆ ಒತ್ತಡ ಏರಿದರೆ ಬಿಲ್ಲೆ ಹೀಗೆ ಊದುತ್ತೆ. ಒಬ್ಬನೇ ಮನುಷ್ಯ, ಒಂದೇ ಕಣ್ಣು, ದಿನಕ್ಕೆ ಮೂರು ಚಿತ್ರ, ಮೊದಲ ದಿನದಿಂದ ಕಡೇ ದಿನದವರೆಗೆ. ಇಂಥ ಸಾಲು ಎಲ್ಲೂ ಇಲ್ಲ. ಇದನ್ನ ತೋರಿಸಿ ಯಂತ್ರಕ್ಕೆ ಕಲಿಸಬಹುದು. ಕಣ್ಣಿನ ಡಾಕ್ಟರೇ ಇಲ್ಲದ ಊರಿನಲ್ಲೂ ಇಂಥದ್ದು ಮುಂಚೆನೇ ಗೊತ್ತಾಗುತ್ತೆ."

ಅವಳು ಮುಂದೆ ಬಾಗಿ ಬಿಲ್ಲೆಯ ಅಂಚನ್ನು ನೋಡಿದಳು.

"ಊತ ಶುರುವಾದ ಮೊದಲ ಹತ್ತು ಚಿತ್ರಗಳನ್ನ ಮೂರು ಜನ ಡಾಕ್ಟರಿಗೆ ತೋರಿಸಿದೆ. ಏನೂ ಇಲ್ಲ ಅಂದರು. ಆದರೆ ನಿಮ್ಮ ಕಪಾಟಿನ ಪ್ರತಿಗಳಲ್ಲಿ ಯಾರೋ ಆಗಿನಿಂದಲೇ ಈ ಬಿಲ್ಲೆಗೆ ಕೆಂಪು ಸುತ್ತು ಹಾಕಿದಾರೆ. ನಲವತ್ತೊಂದು ಸಲ. ಯಾರವರು?"

"ನಾನು."

"ನೀವು ವೈದ್ಯಕೀಯ ಓದಿದೀರಾ?"

"ಇಲ್ಲ. ಅವರ ಹೆಂಡತಿ."

ಡಾಕ್ಟರಮ್ಮ ಯಜಮಾನರ ಕಡೆ ನೋಡಿದರು. ಅವಳು ಕಾರ್ಖಾನೆಯ ಕೆಲಸದವಳು ಎಂದಷ್ಟೇ ಅವರಿಗೆ ಹೇಳಲಾಗಿತ್ತು. ಯಜಮಾನರು ಕನ್ನಡಕ ತೆಗೆದರು.

"ಸುತ್ತು ಹಾಕಿ ಏನು ಮಾಡಿದಿರಿ?" ಡಾಕ್ಟರಮ್ಮನ ದನಿ ಇಳಿದಿತ್ತು.

"ಸರಿಮಾಡಿ ಅಂತ ಕೊಟ್ಟೆ."

"ಯಾರಿಗೆ?"

"ಅವರಿಗೇ. ಹೊಂದಿಸೋರು ಅವರೇ ಅಲ್ವಾ."

"ಅವರು?"

"ಸರಿಮಾಡಿದರು."

ಹೇಳುತ್ತಿದ್ದಂತೆ ಅವಳಿಗೆ ತಿಳಿಯಿತು. ಬಿಲ್ಲೆ ಊದಿ ಮುಂದೆ ಬಂದಿತ್ತು. ಸೊನ್ನೆಗೆ ಇಟ್ಟರೆ ಅದು ಮಬ್ಬಾಗಿ ಕಂಡಿತ್ತು. ಅವಳು ಸುತ್ತು ಹಾಕಿದಳು. ಅವನು, ಹೆಂಡತಿಯ ಕೆಂಪು ಪೆನ್ಸಿಲಿಗೆ ಎದುರಾಡಿದವನಲ್ಲ, ಕ್ಯಾಮೆರಾವನ್ನು ಬಿಚ್ಚಿ, ಊದಿದ ಬಿಲ್ಲೆ ಸ್ಪಷ್ಟವಾಗುವವರೆಗೆ ಗಾಜು ಸರಿಸಿ, ಹಳೆಯ ಗೀರು ಅಳಿಸಿ ಹೊಸ ಗೀರು ಹಾಕಿದ. ಮುಂದಿನ ಸುತ್ತು ಬೀಳುವವರೆಗೆ ಆಮೇಲಿನ ಕ್ಯಾಮೆರಾಗಳಿಗೂ ಅದೇ ಗೀರು. ಊತ ಏರಿದ ಹಾಗೆ ಗೀರೂ ಸರಿಯಿತು. ಐದು ತಿಂಗಳು ತೊಂಬತ್ತೊಂದು ಕ್ಯಾಮೆರಾಗಳನ್ನು ತನ್ನ ಕಾಯಿಲೆಗೆ ಸರಿಯಾಗಿ, ಕೂದಲೆಳೆಯಷ್ಟೂ ತಪ್ಪದೆ ಹೊಂದಿಸಿದ. ಆಸ್ಪತ್ರೆಯ ಆರೋಗ್ಯವಂತ ಕಣ್ಣುಗಳಿಗೆ ಅವು ಮಬ್ಬಾದವು.

"ಕೈ ತಪ್ಪಿರಲಿಲ್ಲ," ಎಂದಳು.

"ಇಲ್ಲ. ಕೈ ಅಷ್ಟು ಚೆನ್ನಾಗಿದ್ದದ್ದೇ ತೊಂದರೆ ಆಯ್ತು," ಎಂದರು ಡಾಕ್ಟರಮ್ಮ.

ಅವಳು ಇನ್ನೊಂದನ್ನು ಕೇಳಬೇಕಿತ್ತು. ಕೇಳಿದಳು. "ಮೊದಲನೇ ಸುತ್ತಿನ ದಿನ ಡಾಕ್ಟರ ಹತ್ರ ಹೋಗಿದ್ದಿದ್ದರೆ?"

ಡಾಕ್ಟರಮ್ಮ ಪರದೆ ಆರಿಸಿದರು. "ನಿಧಾನವಾಗಿ ಬೆಳೆಯೋ ಗಡ್ಡೆ ಅದು. ತೆಗೀಬಹುದಿತ್ತು." ಸುಳ್ಳು ಹೇಳಲು ಬಾರದವರು. ಅವರಿಗೆ ಅದು ಬಂದಿದ್ದರೆ ಆ ದಿನ ಒಂದು ಉಪಕಾರವಾಗುತ್ತಿತ್ತು.

ಡಾಕ್ಟರಮ್ಮ ನೀರು ಕುಡಿಯಲು ಎದ್ದು ಹೋದಾಗ ಅವಳು ಯಜಮಾನರನ್ನು ಕೇಳಿದಳು. "ನಿಮಗೆ ಯಾವಾಗ ಗೊತ್ತಾಯ್ತು?"

"ಹದಿನೈದು ದಿನ ಆಗಿರಬಹುದು."

"ಆ ಆಸ್ಪತ್ರೆಗಳಿಗೆ ಇನ್ನೊಂದು ಪತ್ರ ಬರೀರಿ. ವಿಳಾಸ ನಾನೇ ಬರೀತೀನಿ."

"ಹ್ಯಾಗಮ್ಮ ಬರೀಲಿ? ಒಬ್ಬನ ಕಣ್ಣು ನಂಬಿ ಕ್ಯಾಮೆರಾ ಮಾಡ್ತಿದ್ವಿ, ಆ ಕಣ್ಣೇ ರೋಗದ್ದು ಅಂತ ಬರೀಲಾ? ಕೊಂಡವರಿಗೇನೋ ಗೊತ್ತು. ಆಸ್ಪತ್ರೆಯೋರಿಗೆ ಗೊತ್ತಾದ್ರೆ ನಮ್ಮ ಸಾಮಾನು ಮೂಸಿ ನೋಡೋರಿರಲ್ಲ. ಹೊಸ ಊರು, ಹೊಸ ದೇಶ ಅಂತ ಹೊರಟಿದಾರೆ ಅವರು. ಕಾಗದದಲ್ಲೂ ಅದನ್ನೇ ಬರೆದಿದೆ, ಚಿತ್ರಗಳನ್ನ ಸಹಿ ಹಾಕಿದೋರು ಹೊರಗೆ ತೋರಿಸೋ ಹಾಗಿಲ್ಲ, ಪ್ರತಿಗಳೂ ಅವರಿಗೇ ಸೇರ್ತವೆ."

"ನಮ್ಮೋರಿಗಾದ್ರೂ ಹೇಳಿ. ಈ ಇಪ್ಪತ್ತು ಜನಕ್ಕೆ."

"ಇಪ್ಪತ್ತು ಬಾಯಿ ಮುಚ್ಚೋಕೆ ನನಗೆ ಎರಡೇ ಕೈ ಇರೋದು." ಅವರು ಕಾಗದವನ್ನು ಅವಳತ್ತ ತಳ್ಳಿದರು. "ಯೋಚನೆ ಮಾಡು. ಅವಸರ ಇಲ್ಲ, ನಾಳೆ ಕೊಟ್ರೂ ಆಯ್ತು."

ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ಈ ಮೇಕೆಗೆ ಬಾಯಿ ಒರೆಸಿಕೊಳ್ಳುವ ಜೀವವೂ ಇರಲಿಲ್ಲ.

ಅವಳು ಕಾಗದ ಮಡಿಸಿ ಚೀಲಕ್ಕೆ ಹಾಕಿಕೊಂಡಳು. ತಪಾಸಣೆಯ ಕೋಣೆಯಲ್ಲಿ ಕಪಾಟು ಇನ್ನೂ ಇತ್ತು. ನಲವತ್ತೊಂದು ಪ್ರತಿಗಳೂ ಅಲ್ಲೇ ಇದ್ದವು. ಸಹಿ ಹಾಕದೆ ಅವನ್ನು ತೆಗೆದುಕೊಂಡು ಹೋಗಿ ಚಿಕ್ಕಪ್ಪನ ಮುಂದೆ ಹರಡಿದರೆ ಸಾಕು. ಗಾಜು ಬಲ್ಲವನು, ಒಂದೇ ನೋಟಕ್ಕೆ ತಿಳಿದುಕೊಳ್ಳುತ್ತಾನೆ. ಸಂಜೆಯ ಹೊತ್ತಿಗೆ ಇಡೀ ಕಾರ್ಖಾನೆ ತಿಳಿದುಕೊಳ್ಳುತ್ತದೆ. ನಾಳೆ ಹಾಗೇ ಮಾಡುವುದೆಂದು ಬಸ್ಸಿನಲ್ಲಿ ತೀರ್ಮಾನಿಸಿದಳು. ತೀರ್ಮಾನ ಮನೆಯ ಹೊಸ್ತಿಲವರೆಗೆ ಗಟ್ಟಿಯಾಗಿತ್ತು.

ಅತ್ತೆ ಹೊಲಿಗೆ ಯಂತ್ರದ ಮುಂದೆ ಕೂತಿದ್ದರು. ದರ್ಜಿಯೊಬ್ಬ ಶಾಲೆಯ ಅಂಗಿಗಳನ್ನು ಕಟ್ಟುಗಟ್ಟಲೆ ತಂದು ಹಾಕುತ್ತಿದ್ದ, ಅವಕ್ಕೆ ಗುಂಡಿಮನೆ ಹೊಲಿಯುವುದು ಅವರ ಕೆಲಸ. ಒಂದೂವರೆ ವರ್ಷದಿಂದ ಆ ಯಂತ್ರವೇ ಅವರ ಮಾತು. ಎದುರು ಮನೆಯ ಹೆಂಗಸಿನ ಗಂಡನೂ ಕಾರ್ಖಾನೆಯವನೇ. 'ನಿಮ್ಮ ಮಗ ಮಾಡಿದ ಕೆಲಸಕ್ಕೆ ನಮ್ಮನೆ ಒಲೆ ಆರೋ ಹಾಗಾಯ್ತು' ಎಂದು ಒಂದು ದಿನ ಅಂದಿದ್ದಳು. ಅಂದಿನಿಂದ ಅತ್ತೆ ಆ ಕಡೆಯ ಕಿಟಕಿ ತೆಗೆಯುತ್ತಿರಲಿಲ್ಲ.

ಇಂದು ಕಿಟಕಿ ತೆರೆದಿತ್ತು.

"ಬಾ ಬಾ. ಯಾರು ಬಂದಿದ್ರು ಹೇಳು ನೋಡೋಣ," ಎಂದರು ಅತ್ತೆ. "ನಿಮ್ಮ ಯಜಮಾನರು. ನೀನು ಬಸ್ಸಿಗೆ ಕಾಯ್ತಿದ್ದಾಗ ಅವರು ಕಾರಲ್ಲಿ ಬಂದು ಹೋದ್ರು. ಸತ್ತಾಗ ಬಂದೋರು, ಆಮೇಲೆ ಇವತ್ತೇ."

"ಏನಂದ್ರು?"

"ನನ್ನ ಮಗನ ಕಣ್ಣು ದೇಶ ದೇಶಕ್ಕೆ ಹೋಗುತ್ತಂತೆ. ಅದನ್ನ ನೋಡಿ ದೊಡ್ಡ ದೊಡ್ಡ ಯಂತ್ರ ಪಾಠ ಕಲಿಯುತ್ತಂತೆ. ಇಂಥ ಕಣ್ಣು ಇನ್ನೊಂದಿಲ್ಲ ಅಂತ ಡಾಕ್ಟರೇ ಹೇಳಿದ್ರಂತೆ." ಅತ್ತೆ ದಾರ ಕಚ್ಚಿ ಕತ್ತರಿಸಿದರು. "ಎದುರುಮನೆಯವಳು ಬಾಗಿಲಲ್ಲೇ ನಿಂತು ಕೇಳಿಸ್ಕೊಂಡ್ಳು. ನಾನೂ ಗಟ್ಟಿಯಾಗೇ ಮಾತಾಡಿಸಿದೆ. ಗೂಬೆಯಂತೆ, ಗೂಬೆ. ಆ ನಿಮ್ಮ ಚಿಕ್ಕಪ್ಪ ತನ್ನ ಮುಖ ಕನ್ನಡೀಲಿ ನೋಡ್ಕೊಂಡಿದಾನಾ ಯಾವತ್ತಾದ್ರೂ?"

"ನೀವು ಸಹಿ ಹಾಕಿದ್ರಾ ಅತ್ತೆ?"

"ಹಾಕದೆ? ಕೈ ಕೆಟ್ಟೋನ ಕಣ್ಣನ್ನ ಯಾರಾದ್ರೂ ಮನೆ ಬಾಗಿಲಿಗೆ ಬಂದು ಕೇಳ್ತಾರೇನೇ? ಇಷ್ಟು ದಿನ ಬೊಗಳಿದೋರೆಲ್ಲ ಇನ್ನು ಬಾಯಿ ಮುಚ್ಕೋಬೇಕು." ಅವರು ಒಂದು ಅಂಗಿಯನ್ನು ಮಡಿಲಲ್ಲಿ ಹರಡಿ ಸವರಿದರು. ಆಮೇಲೆ ಸಣ್ಣ ದನಿಯಲ್ಲಿ ಕೇಳಿದರು, "ಅಷ್ಟು ಒಳ್ಳೆ ಕಣ್ಣಾ ಅವನದು? ನೀನು ದಿನಾ ನೋಡ್ತಿದ್ದೋಳು. ನನಗೆ ಯಾವತ್ತೂ ಹೇಳಲೇ ಇಲ್ಲ."

ಹೇಳಲು ಅದೇ ಹೊತ್ತು. ಆ ಕಣ್ಣು ರೋಗದ್ದು ಅತ್ತೆ, ಅದಕ್ಕೇ ಅವರಿಗೆ ಬೇಕು. ರೋಗ ಕಾಣುತ್ತಿತ್ತು. ಕಂಡವಳು ನಾನು. ಕಂಡು, ಸುತ್ತು ಹಾಕಿ, ಸರಿಮಾಡಿ ಎಂದು ಅವರ ಕೈಗೇ ಕೊಟ್ಟೆ. ಅದೂ ಒಂದು ಸಲವಲ್ಲ.

"ಒಳ್ಳೆ ಕಣ್ಣು ಅತ್ತೆ," ಎಂದಳು.

"ನನ್ನಪ್ಪನ ಕಣ್ಣು ಅದು. ನಮ್ಮ ಕಡೇದು," ಎಂದು ಅತ್ತೆ ಕಿಟಕಿಯ ಕಡೆ ತಿರುಗಿ, ಎದುರು ಮನೆಗೆ ಕೇಳುವಷ್ಟು ಜೋರಾಗಿ ಯಂತ್ರ ತುಳಿದರು.

ಅತ್ತೆಗೋಸ್ಕರ ಸಹಿ ಹಾಕಿದೆ ಎಂದು ಅವಳು ಆಮೇಲೆ ತನಗೆ ತಾನೇ ಹೇಳಿಕೊಂಡಳು. ಅರ್ಧ ನಿಜ. ಅವನ ಹೆಸರು ತೊಳೆಯಬೇಕಾದರೆ ಆ ನಲವತ್ತೊಂದು ಚಿತ್ರ ಹೊರಗೆ ಬರಬೇಕು. ಅವು ಬಂದರೆ ಕೆಂಪು ಸುತ್ತುಗಳೂ ಬರುತ್ತವೆ, ಸುತ್ತು ಯಾರದೆಂದು ಇಡೀ ಕಾರ್ಖಾನೆಗೆ ಗೊತ್ತು. ಅವನ ಹೆಸರು ತೊಳೆದ ನೀರು ಅವಳ ತಲೆಯ ಮೇಲೇ ಬೀಳುತ್ತಿತ್ತು. ಅಡುಗೆಮನೆಯ ಕಟ್ಟೆಯ ಮೇಲೆ ಕಾಗದ ಇಟ್ಟು, ಅತ್ತೆಯ ಸೊಟ್ಟ ಸಹಿ ಬೀಳಬೇಕಿದ್ದ ಜಾಗ ಖಾಲಿ ಇರುವುದನ್ನು ನೋಡಿದಳು. ಅತ್ತೆ ಬೇರೆ ಕಾಗದಕ್ಕೆ ಹಾಕಿದ್ದರು, ಇದು ಅವಳೊಬ್ಬಳದೇ. ದುಂಡಗೆ ಬರೆದಳು.

ಮರುದಿನ ಮಧ್ಯಾಹ್ನದೊಳಗೆ ಕಪಾಟು ಖಾಲಿಯಾಯಿತು. ನಾಲ್ಕು ಪೆಟ್ಟಿಗೆ ಹೊರಟವು, ಒಂದು ಪೆಟ್ಟಿಗೆ ಬಂತು. ಬಂದದ್ದರಲ್ಲಿ ಪ್ಲಾಸ್ಟಿಕ್ ಕಣ್ಣಿತ್ತು. ಹೊಸ ಯಜಮಾನಿಕೆಯಲ್ಲಿ ಇನ್ನು ಅದರಿಂದಲೇ ಸೊನ್ನೆ. ಚಿಕ್ಕಪ್ಪ ಅದನ್ನು ಅಂಗೈಯಲ್ಲಿ ಹೊರಳಿಸಿ ನೋಡಿದ.

"ಇದಕ್ಕೆ ಹೆಂಡ್ತಿ ಕಾಟ ಇಲ್ಲ, ಅದೊಂದು ಸುಖ," ಎಂದ. ಆಮೇಲೆ ಅವಳನ್ನು ಕಂಡು ನಾಲಿಗೆ ಕಚ್ಚಿಕೊಂಡ. "ತಪ್ಪು ತಿಳೀಬೇಡಮ್ಮ. ಅವನಂಥ ಕಣ್ಣು ಇದಕ್ಕೆಲ್ಲಿ ಬರಬೇಕು. ಕಡೇ ಐದು ತಿಂಗಳು ಕೈ ಒಂದು ಕೆಡದೆ ಇದ್ದಿದ್ರೆ ನಾವ್ಯಾಕೆ ಹೀಗೆ ಮಾರಿ ಹೋಗ್ತಿದ್ವಿ."

"ಕೈ ಕೆಟ್ಟಿರಲಿಲ್ಲ ಚಿಕ್ಕಪ್ಪ."

ಅವಳ ಬಾಯಿಂದ ಅದು ಹೊರಟೇಹೋಯಿತು. ಕಾಗದದಲ್ಲಿ ಬರೆದದ್ದು ಚಿತ್ರ ತೋರಿಸಬಾರದೆಂದು ತಾನೇ, ಈಗ ತೋರಿಸಲು ಏನೂ ಉಳಿದಿರಲಿಲ್ಲ. "ಕಣ್ಣು ಊದಿತ್ತು. ಬಿಲ್ಲೆ ಮುಂದೆ ಬಂದಿತ್ತು. ಆ ಕಣ್ಣಿಗೆ ಸರಿಯಾಗಿ ಹೊಂದಿಸಿದ್ರು, ಅದಕ್ಕೇ ಸೊನ್ನೆ ಸರೀತು. ತೊಂಬತ್ತೊಂದೂ ಹಾಗೇ ಆಗಿದ್ದು. ಮಬ್ಬಿದೆ, ಸರಿಮಾಡಿ ಅಂತ ನಾನೇ ವಾಪಸ್ ಕೊಡ್ತಿದ್ದೆ."

ಚಿಕ್ಕಪ್ಪ ಚಕ್ರ ನಿಲ್ಲಿಸಿದ. ಐವತ್ತು ವರ್ಷ ಗಾಜು ಉಜ್ಜಿದವನು, ಹಗುರವಾಗಿ ತಳ್ಳಿಹಾಕಲಿಲ್ಲ. ಹಣೆ ಗಂಟಿಕ್ಕಿ ಯೋಚಿಸಿದ.

"ಚಿತ್ರದಲ್ಲಿ ಕಾಣುತ್ತಾ ಅದು?"

"ಕಾಣುತ್ತೆ."

"ಎಲ್ಲಿ, ಕೊಡು ನೋಡೋಣ."

"ಹೋಯ್ತು. ಬೆಳಿಗ್ಗೆ ಪೆಟ್ಟಿಗೇಲಿ."

"ಒಂದೂ ಇಟ್ಕೊಳ್ಳಲಿಲ್ವಾ?"

"ಸಹಿ ಹಾಕಿಕೊಟ್ಟೆ."

ಅವನು ಅವಳ ಮುಖವನ್ನು ಬಹಳ ಹೊತ್ತು ನೋಡಿದ. ಹಣೆಯ ಗಂಟು ಸಡಿಲವಾಯಿತು. ಅದರ ಜಾಗದಲ್ಲಿ ಕರುಣೆ ಬಂತು.

"ಗಂಡನ್ನ ಬಿಟ್ಟುಕೊಡಬಾರದಮ್ಮ. ನೀನು ಹಾಗೇ ಹೇಳ್ಬೇಕು. ತಪ್ಪಿಲ್ಲ," ಎಂದು ಅವಳ ಹೆಗಲು ತಟ್ಟಿ, ಚಕ್ರವನ್ನು ಮತ್ತೆ ತಿರುಗಿಸಿದ.

ಊಟದ ಹೊತ್ತಿನಲ್ಲಿ ಅವನು ಉಳಿದವರನ್ನು ಮೂಲೆಗೆ ಕರೆದು ಬುದ್ಧಿ ಹೇಳಿದನಂತೆ. ಆ ಹುಡುಗಿಗೆ ಇನ್ನೂ ತಡೆಯೋಕಾಗ್ತಿಲ್ಲ, ಏನೇನೋ ಕಟ್ಟಿಕೊಂಡು ಹೇಳ್ತಾಳೆ, ಅವಳ ಎದುರಿಗೆ ಇನ್ನು ಯಾರೂ ಆ ಕ್ಯಾಮೆರಾಗಳ ಮಾತು ಎತ್ತಬಾರದು ಎಂದು. ಒಳ್ಳೆಯ ಜನ. ಅಂದಿನಿಂದ ಯಾರೂ ಎತ್ತಲಿಲ್ಲ. ಎತ್ತಿದ್ದರೆ ಅವಳು ಇನ್ನೊಮ್ಮೆ ಹೇಳಿ ನೋಡಬಹುದಿತ್ತು.